ಯಾವುದು ಮೊದಲು? : ಆಪರೇಟಿಂಗ್ ಸಿಸ್ಟಂ ತರಗತಿಯಲ್ಲಿ ಕಲಿತ ಒಂದು ಸಂಪಾದನಾ ಪಾಠ

ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಗಣಕವಿಜ್ಞಾನದ ಸ್ನಾತಕೋತ್ತರ ತರಗತಿಯಲ್ಲಿ ಏನು ಕೆಲಸ ಎಂಬ ಪ್ರಶ್ನೆಯನ್ನು ನನ್ನ ಮಾರ್ಗದರ್ಶಕರೂ ಕೇಳಿದ್ದರು. ಆಗ ನನ್ನ ಉತ್ತರ ತೀರ ವ್ಯಾವಹಾರಿಕವಾಗಿತ್ತು. ಸಂಶೋಧನೆಗೆ ಆಯ್ದುಕೊಂಡ ಷಟ್ಪದಿ ಕಾವ್ಯವೊಂದರ ಪಾಠಾಂತರಗಳನ್ನು ನಾವು ಮೂವರು ಮೂರು ಗಣಕಗಳಲ್ಲಿ ದಾಖಲಿಸುತ್ತಿದ್ದೆವು. ಒಮ್ಮೆ ಒಂದೇ ಪದ್ಯವನ್ನು ಇಬ್ಬರು ತಿದ್ದಿದರು. ಕಡತದ ಮೇಲಿನ ವೇಳೆಯನ್ನು ನೋಡಿ ‘ಕೊನೆಯದನ್ನು’ ಉಳಿಸಿಕೊಂಡೆವು. ಸರಿಯಾದ ತಿದ್ದುಪಡಿ ಅಳಿಸಿಹೋಯಿತು. ಆ ಗಣಕಗಳ ಗಡಿಯಾರಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈ ಸಂಕಟವನ್ನು ತೋಡಿಕೊಂಡಾಗ ಗಣಕವಿಜ್ಞಾನದ ಗೆಳೆಯರೊಬ್ಬರು, “ಇದಕ್ಕೆಂದೇ ನಮ್ಮಲ್ಲಿ ಒಂದು ಪತ್ರಿಕೆಯಿದೆ, ಬಂದು ಕುಳಿತುಕೊಳ್ಳಿ” ಎಂದರು.

ಹೀಗೆ ಒಂದು ಸೆಮಿಸ್ಟರ್ ಕಾಲ ‘ಉನ್ನತ ಮತ್ತು ವಿತರಿತ ಆಪರೇಟಿಂಗ್ ಸಿಸ್ಟಂಗಳು’ ಎಂಬ ಪತ್ರಿಕೆಯ ತರಗತಿಯಲ್ಲಿ ಕೊನೆಯ ಬೆಂಚಿನ ಕೇಳುಗನಾದೆ. ಒಂದು ಗಣಕದೊಳಗೆ ನಡೆಯುವ ಹಲವು ಕೆಲಸಗಳಿಗೆ ಸಂಸ್ಕಾರಕ, ಸ್ಮೃತಿ, ಕಡತಗಳನ್ನು ಹಂಚಿಕೊಡುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಗಣಕಗಳು ಹಲವಾಗಿ ಬೇರೆ ಬೇರೆ ಕಡೆ ಇದ್ದರೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಅವುಗಳಿಗೆ ಸಮಾನ ಸ್ಮೃತಿಯಿಲ್ಲ, ಸಮಾನ ಗಡಿಯಾರವೂ ಇಲ್ಲ; ಇರುವುದು ಪರಸ್ಪರ ಕಳಿಸುವ ಸಂದೇಶಗಳು ಮಾತ್ರ. ಅಲ್ಲಿ ವಾರಕ್ಕೊಂದು ಮೂಲ ಪ್ರಬಂಧವನ್ನು ಸಾಲುಸಾಲಾಗಿ ಓದಿ ಚರ್ಚಿಸುತ್ತಿದ್ದರು. ಆ ಓದಿನ ಕ್ರಮ ನನಗೆ ಅಪರಿಚಿತವೆನಿಸಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಪ್ರಕಟಿಸಿದ, ಕಾಲ ಮತ್ತು ಘಟನೆಗಳ ಅನುಕ್ರಮವನ್ನು ಕುರಿತ ಪ್ರಬಂಧ. ಅದರ ವಾದ ಸರಳವಾದುದು. ಒಂದೇ ಗಣಕದ ಕಾರ್ಯಗತಿಯಲ್ಲಿ ನಡೆದ ಎರಡು ಘಟನೆಗಳಿಗೆ ಹಿಂದುಮುಂದು ಉಂಟು. ಸಂದೇಶವನ್ನು ಕಳಿಸಿದ್ದು ಅದು ತಲುಪಿದ್ದಕ್ಕಿಂತ ಮೊದಲು. ಈ ಎರಡು ನಿಯಮಗಳ ಸರಪಳಿಯಿಂದ ಎಷ್ಟು ಸಿದ್ಧವಾಗುವುದೋ ಅಷ್ಟೇ ನಮಗೆ ದಕ್ಕುವ ಪೂರ್ವಾಪರ. ಈ ಸರಪಳಿಗೆ ಸಿಕ್ಕದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಆ ವ್ಯವಸ್ಥೆಯೊಳಗೆ ಉತ್ತರವಿಲ್ಲ, ಅವು ‘ಸಮವರ್ತಿ’ಗಳು. ಘಟನೆಗಳಿಗೆ ಕ್ರಮಸಂಖ್ಯೆ ಕೊಡಬಹುದು. ಕಾರಣವಾದದ್ದಕ್ಕೆ ಅದರ ಪರಿಣಾಮಕ್ಕಿಂತ ಸಣ್ಣ ಸಂಖ್ಯೆ ಬರುವಂತೆ ನೋಡಿಕೊಳ್ಳಲೂಬಹುದು. ಆದರೆ ಸಂಖ್ಯೆ ಸಣ್ಣದೆಂಬ ಕಾರಣಕ್ಕೆ ಅದು ಇನ್ನೊಂದಕ್ಕೆ ಕಾರಣವಾಯಿತೆಂದು ತಿರುಗಿಸಿ ಹೇಳುವಂತಿಲ್ಲ.

ಆ ದಿನ ನನ್ನ ಮೂರನೆಯ ಅಧ್ಯಾಯ ನೆನಪಾಗಿ ಕಸಿವಿಸಿಯಾಯಿತು. ನನ್ನ ‘ಕ’ ಪ್ರತಿಯ ಪುಷ್ಪಿಕೆಯಲ್ಲಿ ಪ್ಲವ ಸಂವತ್ಸರವೆಂದಿದೆ, ‘ಖ’ ಪ್ರತಿಯಲ್ಲಿ ಕೀಲಕ. ಎರಡರಲ್ಲೂ ಶಕವರ್ಷವಿಲ್ಲ. ಪ್ಲವ ಮೂವತ್ತೈದನೆಯದು, ಕೀಲಕ ನಲವತ್ತೆರಡನೆಯದು. ಆದ್ದರಿಂದ ‘ಖ’ ಏಳು ವರ್ಷ ಈಚಿನದೆಂದು ಗ್ರಹಿಸಿ, ‘ಕ’ದ ಪಾಠವನ್ನೇ ‘ಖ’ ಪರಿಷ್ಕರಿಸಿದೆಯೆಂದು ಹನ್ನೆರಡು ಪುಟ ಬರೆದಿದ್ದೆ. ಸಂವತ್ಸರ ಚಕ್ರ 60 ವರ್ಷಕ್ಕೊಮ್ಮೆ ಮರಳುತ್ತದೆ. ಎರಡೂ ಒಂದೇ ಆವರ್ತನದವು ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಇದ್ದಿದ್ದರೂ ಮೊದಲಿನದನ್ನು ನಂತರದ ಲಿಪಿಕಾರ ಕಂಡಿದ್ದನೆಂದು ಅದರಿಂದ ಸಿದ್ಧವಾಗುತ್ತಿರಲಿಲ್ಲ. ಇದಕ್ಕೆ ಪ್ರತಿಯಾಗಿ ‘ಗ’ ಪ್ರತಿಗೆ ತೇದಿಯೇ ಇಲ್ಲ. ಆದರೆ ‘ಕ’ದಲ್ಲಿ ಗರಿ ಮುರಿದು ಅಕ್ಷರಗಳು ಹೋದ ಕಡೆಗಳಲ್ಲೆಲ್ಲ ‘ಗ’ದ ಲಿಪಿಕಾರ ಅಷ್ಟೇ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ತೇದಿಯಿಲ್ಲದಿದ್ದರೂ ಇಲ್ಲಿ ಪೂರ್ವಾಪರ ಸ್ಪಷ್ಟ: ಸಂದೇಶ ತಲುಪಿದ ಗುರುತು ಇದೆ.

ಶಕವರ್ಷವಿಲ್ಲದ ಸಂವತ್ಸರವನ್ನು ನಂಬಬಾರದೆಂಬುದು ನಮ್ಮ ಶಾಸ್ತ್ರಕ್ಕೆ ಹೊಸತೇನಲ್ಲ. ಅದನ್ನು ಕಲಿಯಲು ಬೇರೆ ವಿಭಾಗಕ್ಕೆ ಹೋಗಬೇಕಾಗಿಯೂ ಇರಲಿಲ್ಲ. ಬಲ್ಲ ಸಂಗತಿಯನ್ನು ನಾನು ಮರೆತದ್ದೇಕೆ ಎಂಬುದೇ ಮುಖ್ಯ ಪ್ರಶ್ನೆ. ಪ್ರತಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪಾಠದ ‘ಬೆಳವಣಿಗೆ’ಯ ಕಥೆಯೊಂದು ಸಿಗುತ್ತದೆ, ಅಧ್ಯಾಯಕ್ಕೆ ಒಂದು ಓಟ ಬರುತ್ತದೆ. ಆ ಆಸೆಯೇ ನನ್ನನ್ನು ದಾರಿ ತಪ್ಪಿಸಿತ್ತು. ಲ್ಯಾಂಪೋರ್ಟರೂ ಕೆಲಸದ ಅನುಕೂಲಕ್ಕಾಗಿ ಎಲ್ಲ ಘಟನೆಗಳನ್ನು ಒಂದೇ ಸಾಲಿಗೆ ತರುವ ವಿಧಾನವನ್ನು ಕೊಡುತ್ತಾರೆ. ಆದರೆ ಆ ಸಾಲಿನ ಒಂದು ಭಾಗ ಕೇವಲ ನಮ್ಮ ಇಚ್ಛೆಯ ಏರ್ಪಾಡೆಂಬುದನ್ನು ಮರೆಮಾಚುವುದಿಲ್ಲ. ಸಂಪಾದಕನೂ ಅಚ್ಚಿಗಾಗಿ ಪ್ರತಿಗಳಿಗೆ ಕ, ಖ, ಗ ಎಂದು ಹೆಸರಿಡಲೇಬೇಕು. ಆ ಹೆಸರೇ ಇತಿಹಾಸವೆಂದು ತಾನೇ ನಂಬಬಾರದು.

ಈ ಹೋಲಿಕೆಗೆ ಮಿತಿಗಳಿವೆ. ಗಣಕಗಳ ಸಂದೇಶಗಳನ್ನು ದಾಖಲಿಸಿಡಬಹುದು. ಓಲೆಪ್ರತಿಗಳ ನಡುವಣ ಸಂಬಂಧವನ್ನು ನಾವು ಸ್ಖಾಲಿತ್ಯಗಳಿಂದ ಊಹಿಸಬೇಕು. ಲಿಪಿಕಾರನೊಬ್ಬ ಎರಡು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಬರೆದಿದ್ದರೆ ಊಹೆಯೂ ತೊಡಕಾಗುತ್ತದೆ. ಯಂತ್ರದ ಸೂತ್ರ ಸಂಪಾದಕನ ವಿವೇಚನೆಗೆ ಬದಲಿಯಲ್ಲ.

ಹನ್ನೆರಡು ಪುಟಗಳನ್ನು ಕೈಬಿಡುತ್ತೇನೆಂದು ಅಳುಕುತ್ತಲೇ ಮಾರ್ಗದರ್ಶಕರಿಗೆ ತಿಳಿಸಿದೆ. ಅವರು ಕನ್ನಡಕ ತೆಗೆದಿಟ್ಟು, “ಬಿಡು. ಆದರೆ ಗೊತ್ತಾಗುವುದಿಲ್ಲ ಎನ್ನುವುದಕ್ಕೂ ಆಧಾರ ಕೊಡಬೇಕಪ್ಪ” ಎಂದರು. ಆ ಆಧಾರಗಳನ್ನು ಒದಗಿಸಲು ಮತ್ತೆ ಎಂಟು ತಿಂಗಳು ಹಿಡಿಯಿತು. ಈಗ ನನ್ನ ವಂಶವೃಕ್ಷದಲ್ಲಿ ‘ಕ’ದಿಂದ ‘ಗ’ಕ್ಕೆ ಒಂದು ಗೆರೆಯಿದೆ. ‘ಕ’ ಮತ್ತು ‘ಖ’ಗಳು ಅಕ್ಕಪಕ್ಕದಲ್ಲಿವೆ, ಅವುಗಳ ನಡುವೆ ಗೆರೆಯನ್ನು ಎಳೆದಿಲ್ಲ.