ಮೈಸೂರಿನ ಗರಡಿಯಲ್ಲಿ ಒಂದು ಬೆಳಗು

ದಸರೆಗೆಂದು ಮೈಸೂರಿಗೆ ಹೋಗುವವರು ಅಂಬಾರಿಯನ್ನೂ ದೀಪಾಲಂಕಾರವನ್ನೂ ನೋಡಿ ಹಿಂದಿರುಗುವುದು ವಾಡಿಕೆ. ವಿಜಯದಶಮಿಯಂದು ಜಂಬೂಸವಾರಿಗೆ ಮುನ್ನ ಅರಮನೆಯ ಒಳಾಂಗಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕಂಡವರು ಕಡಿಮೆ. ಅದಕ್ಕಾಗಿ ಜಟ್ಟಿಗಳು ತಮ್ಮ ತೋಳುಗಳನ್ನು ಹೇಗೆ ಹದಗೊಳಿಸುತ್ತಾರೆಂಬುದನ್ನು ಕಂಡವರು ಇನ್ನೂ ಕಡಿಮೆ. ಭಾದ್ರಪದ ಮಾಸದಲ್ಲಿ ಕಾರ್ಯಾಂತರದಿಂದ ಆ ಊರಿಗೆ ಹೋಗಿದ್ದ ನಮಗೆ, ಸ್ನೇಹಿತರೊಬ್ಬರ ದಯೆಯಿಂದ, ನಜರಬಾದಿನ ಕಡೆಯ ಗರಡಿಯೊಂದನ್ನು ನೋಡುವ ಅವಕಾಶವೊದಗಿತು.

ಬೆಳಗಿನ ಐದು ಗಂಟೆ. ಗರಡಿಯ ಬಾಗಿಲು ಬಲು ಗಿಡ್ಡು. ಎಂಥವನೂ ತಲೆಬಾಗಿಯೇ ಒಳಹೊಗಬೇಕು. ಒಳಗೆ ಹನುಮಂತನ ಮುಂದೆ ಒಂದು ದೀಪ, ಗೋಡೆಗೆ ಒರಗಿಸಿದ ಗದೆ ಮುದ್ಗರಗಳು, ನಡುವೆ ಎಣ್ಣೆ ಅರಿಶಿನ ಬೆರೆತ ಕೆಮ್ಮಣ್ಣಿನ ಅಖಾಡ. ಆ ಮಣ್ಣಿನ ವಾಸನೆ ಮೊದಲ ಮಳೆಯ ವಾಸನೆಯಂತಿದ್ದಿತು. ಉಸ್ತಾದರು ಎಪ್ಪತ್ತು ದಾಟಿದ ವೃದ್ಧರು. ತಾಲೀಮು ಮಾಡುತ್ತಿದ್ದವರಲ್ಲಿ ಹತ್ತೊಂಬತ್ತರ ಹರೆಯದ ಅವರ ಮೊಮ್ಮಗನೂ ಇದ್ದನು. ಮನೆಯಲ್ಲಿ ‘ತಾತ’ ಎನ್ನುವವನು ಇಲ್ಲಿ ‘ಉಸ್ತಾದರೇ’ ಎಂದಲ್ಲದೆ ಮಾತನಾಡಿಸನು. ಈ ಸಲ ಅವನನ್ನು ಕಾಳಗಕ್ಕೆ ಇಳಿಸುವುದೋ ಬಿಡುವುದೋ ಎಂಬುದು ಅಂದೇ ನಿಶ್ಚಯವಾಗಬೇಕಾಗಿದ್ದಿತು.

ಕಾಳಗದ ಕ್ರಮ ಹೀಗೆ: ಬೋಳಿಸಿದ ತಲೆ, ಬಲಗೈಯಲ್ಲಿ ಮೊನೆಗಳುಳ್ಳ ವಜ್ರಮುಷ್ಟಿ. ತಲೆಯಿಂದ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ಮುಗಿಯಿತು. ಅನೇಕ ವೇಳೆ ಒಂದು ನಿಮಿಷವೂ ಹಿಡಿಯದು. ಎದುರಾಳಿಯ ಬಲಗೈಯನ್ನು ತಡೆಯುವುದು ಬರಿದಾದ ಎಡಗೈಯ ಕೆಲಸ. “ಈ ಕೈ ಒಂದು ಗೇಣು ಇಳಿಯಿತೋ, ಬಾಗಿಲು ತೆರೆದಿಟ್ಟು ಮಲಗಿದ ಹಾಗೆ” ಎಂದರು ಉಸ್ತಾದರು. ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನ್ಯೂನಿಜ್, ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುವ ಮಲ್ಲರನ್ನು ಕುರಿತು ಬರೆದಿದ್ದಾನೆ. ಅದಕ್ಕೂ ನಾಲ್ಕು ಶತಮಾನ ಹಿಂದೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಭಾರಶ್ರಮ, ಸಲಿಲಶ್ರಮ, ಸ್ತಂಭಶ್ರಮಗಳನ್ನು ವಿವರಿಸಿರುವನು.

ಕೈ ಎತ್ತಿ ನಿಲ್ಲುವುದು ಅಷ್ಟೇನು ಕಷ್ಟವೆಂದು ನಾವು ಕೇಳಿದೆವು. ಅವರು ನಕ್ಕು, ನಮ್ಮನ್ನೇ ನಿಲ್ಲಿಸಿದರು. ಮೂರು ನಿಮಿಷ ತುಂಬುವುದರೊಳಗೆ ನಮ್ಮ ಭುಜಗಳು ಉರಿದು, ಬೆರಳುಗಳು ನಡುಗಿ, ಕೈಗಳು ತಾವಾಗಿಯೇ ಇಳಿದುವು. ಹುಡುಗರು ನಗಲಿಲ್ಲ, ಅದು ಅವರ ದೊಡ್ಡತನ. ಅರವತ್ತು ಕಿಲೋ ತೂಗುವವನ ಒಂದೊಂದು ತೋಳೂ ಸುಮಾರು ಮೂರು ಕಿಲೋ ಇರುವುದು. ಅದನ್ನು ಅಲುಗದೆ ಹಿಡಿದರೆ ಬಿಗಿದ ಸ್ನಾಯುಗಳೊಳಗೆ ರಕ್ತನಾಳಗಳು ಅದುಮಿಕೊಂಡು, ಬೇಕಾದಷ್ಟು ರಕ್ತ ಹರಿಯದು. ಆದುದರಿಂದ ಬಲಕ್ಕಿಂತ ಮೊದಲು ನಿಲುವನ್ನು ತಿದ್ದಬೇಕಂತೆ: ಭುಜ ಕಿವಿಯ ಕಡೆಗೆ ಏರಕೂಡದು, ಮೊಣಕೈ ಪಕ್ಕೆಗೆ ಹತ್ತಿರವಿರಬೇಕು, ಮುಷ್ಟಿಯನ್ನು ಸುಮ್ಮನೆ ಬಿಗಿಹಿಡಿಯಬಾರದು, ಕೈ ಸದಾ ತುಸು ಆಡುತ್ತಿರಬೇಕು, ಉಸಿರು ಕಟ್ಟಬಾರದು.

ಹೊಸಬನಿಗೆ ಮೊದಲ ಆರು ತಿಂಗಳು ಗುದ್ದಲಿಯೇ ಗುರು. ಅಖಾಡದ ಮಣ್ಣನ್ನು ದಿನವೂ ಅಗೆದು ಹದಮಾಡುವುದರಲ್ಲಿಯೇ ಅವನ ತೋಳು ಪಳಗುವುದು. ಆಮೇಲೆ ಹಗುರವಾದ ಮುದ್ಗರ. ಅದನ್ನು ಬೆನ್ನ ಹಿಂದಿನಿಂದ ನಿಧಾನವಾಗಿ ತಿರುವಬೇಕು. ಎಣಿಕೆಯನ್ನು ವಾರಕ್ಕಿಷ್ಟೆಂದು ಏರಿಸಿ, ಎಣಿಕೆ ಸುಲಭವಾದ ಮೇಲೆಯೇ ತೂಕವನ್ನು ಏರಿಸುವರು. ಅವಸರಪಟ್ಟು ಭಾರದ ಮುದ್ಗರಕ್ಕೆ ಕೈ ಹಾಕಿ ಭುಜ ಕೆಡಿಸಿಕೊಂಡವರನ್ನು ಅವರು ಬಹಳ ಕಂಡಿದ್ದರಂತೆ. ನಮಗೆ ಹೊಸದೆನಿಸಿದ ಸಂಗತಿ ಒಂದು: ಕೈ ಎತ್ತಿ ನಿಲ್ಲುವ ಅಭ್ಯಾಸವನ್ನು ಅವರು ಮಾಡಿಸುವುದು ದಂಡೆ ಬಸ್ಕಿಗಳೆಲ್ಲ ಮುಗಿದು ಮೈ ಸೋತ ಮೇಲೆಯೇ. ದಣಿಯದ ಕೈ ಎಲ್ಲರದೂ ನಿಲ್ಲುತ್ತದೆ, ಅದನ್ನು ನೋಡಿ ಪ್ರಯೋಜನವಿಲ್ಲ ಎಂಬುದು ಅವರ ವಾದ.

ಕೊನೆಗೆ ಮೊಮ್ಮಗನ ಸರದಿ ಬಂದಿತು. ಬೆವರಿನಿಂದ ತೊಯ್ದ ಅವನು ಕೈಗಳನ್ನೆತ್ತಿ ನಿಂತನು. ಉಸ್ತಾದರು ಬಟ್ಟೆ ಸುತ್ತಿದ ಮುಷ್ಟಿಯಿಂದ ಆಗಾಗ ಅವನ ತಲೆಯತ್ತ ಕೈಬೀಸುತ್ತಿದ್ದರು, ಅವನು ತಡೆಯುತ್ತಿದ್ದನು. ಎರಡು ನಿಮಿಷ, ಮೂರು, ನಾಲ್ಕು. ಎಡ ಮೊಣಕೈ ಮೆಲ್ಲನೆ ಹೊರಕ್ಕೆ ಸರಿಯಿತು, ಭುಜ ಏರಿತು. ಮುದುಕರ ಮುಷ್ಟಿ ಅವನ ನೆತ್ತಿಯನ್ನು ಮುಟ್ಟಿತು, ಬಲು ಮೃದುವಾಗಿ.

“ಈ ವರುಷ ಬೇಡಪ್ಪ. ನೋಡುವವರ ಜೊತೆ ನಿಂತುಕೋ.”

ಹುಡುಗನು ಉತ್ತರ ಕೊಡಲಿಲ್ಲ. ಹನುಮಂತನಿಗೆ ಕೈಮುಗಿದು, ಮೂಲೆಯಲ್ಲಿದ್ದ ಗುದ್ದಲಿಯನ್ನು ತೆಗೆದುಕೊಂಡು ಅಖಾಡಕ್ಕಿಳಿದು ಮಣ್ಣು ಅಗೆಯತೊಡಗಿದನು.

ನಾವು ಹೊರಗೆ ಬಂದಾಗ ಅವನ ತಾಯಿ ಹಾಲಿನ ಚೆಂಬು ಹಿಡಿದು ಬೀದಿಯಲ್ಲಿ ನಿಂತಿದ್ದರು. “ಏನಂದರು ಸ್ವಾಮಿ, ನಮ್ಮ ಮಾವನವರು?” ಎಂದು ಕೇಳಿದರು. ಈ ಸಲವಿಲ್ಲವಂತೆ ತಾಯಿ ಎಂದೆವು. ಆಕೆ ಸ್ವಲ್ಪ ಹೊತ್ತು ಗಿಡ್ಡ ಬಾಗಿಲನ್ನೇ ನೋಡುತ್ತಿದ್ದು, ಸೆರಗಿನಿಂದ ಮುಖ ಒರೆಸಿಕೊಂಡು, “ಮನೆ ಇಲ್ಲೇ ಹಿಂದೆ, ಕಾಫಿ ಕುಡಿದೇ ಹೋಗಬೇಕು” ಎಂದರು. ಒಳಗಿನಿಂದ ಗುದ್ದಲಿಯ ಸದ್ದು ಬರುತ್ತಲೇ ಇದ್ದಿತು.