ಸಾಗುವಿನ ದೂರದ ನೆಂಟ

ವಿಜಯನಗರದ ಒಳರಸ್ತೆಗಳ ಪುಟ್ಟ ಹೋಟೆಲುಗಳಲ್ಲಿ ಬೆಳಗಾದರೆ ಸೆಟ್ ದೋಸೆ, ಸಾಗು. ನಿಂತೇ ತಿನ್ನುವವರಲ್ಲಿ ಮಂಡ್ಯ, ಹಾಸನ, ತುಮಕೂರು ಕಡೆಯಿಂದ ಬಂದು ನೆಲೆಸಿದವರೂ ಉಂಟು. ಈ ಸಾಗುವಿಗೆ ಜಪಾನಿನಲ್ಲೊಬ್ಬ ನೆಂಟನಿದ್ದಾನೆ. ಹೆಸರು 'ಕರೇ'. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷರ ಮಸಾಲೆ ಡಬ್ಬಿಯೊಡನೆ ಅಲ್ಲಿಗೆ ಹೋದದ್ದು. ಆಲೂಗಡ್ಡೆ, ಕ್ಯಾರೆಟ್ ಎರಡರಲ್ಲೂ ಇವೆ. ಮಂದವಾಗಲು ಅಲ್ಲಿ ಕೊಬ್ಬಿನಲ್ಲಿ ಹುರಿದ ಗೋಧಿಹಿಟ್ಟು, ಇಲ್ಲಿ ಕಾಯಿಯೊಂದಿಗೆ ರುಬ್ಬಿದ ಹುರಿಗಡಲೆ. ನೀರು ಹೀರಿ ಉಬ್ಬುವುದು ಎರಡು ಕಡೆಯೂ ಪಿಷ್ಟವೇ.

1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರಿಗೆ ಆ ಹಿಟ್ಟಿನ ಕರಿ ಒಗ್ಗಲಿಲ್ಲ. ಟೋಕಿಯೋದಲ್ಲಿ ಮಾವನ ಅಂಗಡಿ ನಾಕಾಮುರಾಯದಲ್ಲಿ 1927ರಿಂದ ನಮ್ಮ ದೇಶದ ರೀತಿಯ ಕೋಳಿ ಕರಿ ಬಡಿಸತೊಡಗಿದರು. ಊರಿಗೆ ಮರಳಲಾಗದೆ 1945ರಲ್ಲಿ ಅಲ್ಲೇ ತೀರಿಕೊಂಡರು.

ವಿಜಯನಗರದವರಿಗೆ ಊರು ಒಂದು ಬಸ್ಸಿನಷ್ಟೇ ದೂರ. ಆದರೂ ಸಾಗು ಮುಗಿಯಿತೆಂದರೆ ಮುಖ ಸಪ್ಪಗಾಗುತ್ತದೆ.