ದಾದಿ ಓದಿದ ಶಾಲೆ

ಸಿಇಟಿ ಅರ್ಜಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಅದಕ್ಕಾಗಿ ಕಳೆದ ತಿಂಗಳು ಚಾಮರಾಜಪೇಟೆಯ ನಮ್ಮ ಬೀದಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದೆ. ನಿಜ ಹೇಳುತ್ತೇನೆ, ಎಲ್ಲಿ ಓದಿದ್ದು ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ನಾನು ಹೈಸ್ಕೂಲಿನ ಹೆಸರಷ್ಟೇ ಹೇಳುತ್ತಿದ್ದೆ.

ದಾದಿಯೂ ಇದೇ ಶಾಲೆಯಲ್ಲಿ ಓದಿದವರು ಎಂದಾಗ ಮುಖ್ಯೋಪಾಧ್ಯಾಯಿನಿ ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದರು. ಹುಡುಕಿದಾಗ ಸಿಕ್ಕಿತು: 1961, ದಾದಿಯ ಹೆಸರು. ತಂದೆಯ ಉದ್ಯೋಗ: ಜಟಕಾ. ತಂದೆಯ ಸಹಿ ಇರಬೇಕಾದಲ್ಲಿ ಹೆಬ್ಬೆಟ್ಟು. ಶಾಲೆ ಬಿಟ್ಟದ್ದು 1965, ನಾಲ್ಕನೇ ತರಗತಿ. ಕಾರಣ: ಗೈರುಹಾಜರಿ.

ನಮ್ಮ ಪೇಟೆ 1892ರಲ್ಲಿ ಹುಟ್ಟಿದ್ದು. ಕೋಟೆ ಹೈಸ್ಕೂಲು 1907ರದು, ಕನ್ನಡ ಸಾಹಿತ್ಯ ಪರಿಷತ್ತು 1915ರದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ತಂದಿತು. ಮೊದಲು ಅದು ಆಯ್ದ ಕಡೆಗಳಲ್ಲಿ, ಗಂಡುಮಕ್ಕಳಿಗೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕಾದದ್ದು 2010ರ ಏಪ್ರಿಲ್ 1ರಿಂದ. ನಾನು ಒಂದನೇ ತರಗತಿಗೆ ಸೇರುವ ಹೊತ್ತಿಗೆ ಆ ಹಕ್ಕು ಇತ್ತು. ಮಧ್ಯಾಹ್ನದ ಬಿಸಿಯೂಟವೂ ಇತ್ತು. ದಾದಿಗೆ ಎರಡೂ ಇರಲಿಲ್ಲ.

ಮನೆಗೆ ಬಂದು ದಾದಿಗೆ ಹೇಳಿದೆ. "ಕಾರಣ ಏನು ಬರೆದಿದ್ದಾರೆ?" ಎಂದರು. ಹೇಳಿದೆ. ನಕ್ಕರು.

"ಗೈರುಹಾಜರಿ ಅಂತೆ! ನಾನೆಲ್ಲಿಗೆ ಹೋಗಿದ್ದೆ ಬೇಟಾ? ಮನೇಲೇ ಇದ್ದೆ. ತಮ್ಮನ್ನ ತೊಡೆ ಮೇಲೆ ಮಲಗಿಸ್ಕೊಂಡು ಅಗರಬತ್ತಿ ಹೊಸೀತಿದ್ದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಲ್ಲು ಇಲ್ಲಿಗೇ ಕೇಳಿಸ್ತಿತ್ತು" ಎಂದರು.

ನಮ್ಮ ಮನೆಮಾತು ಉರ್ದು. ಆದರೂ ದಾದಿ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಔಷಧಿ ಚೀಟಿ ಎಲ್ಲವನ್ನೂ ಕನ್ನಡದಲ್ಲಿ ತಾವೇ ಓದುತ್ತಾರೆ. ನನಗೆ ಅ ಆ ಇ ಈ ತಿದ್ದಿಸಿದವರೂ ಅವರೇ. ಆ ನಾಲ್ಕು ವರ್ಷದ ಕಲಿಕೆ ನಮ್ಮ ಮನೆಯಲ್ಲಿ ಅರವತ್ತು ವರ್ಷದಿಂದ ಕೆಲಸ ಮಾಡುತ್ತಿದೆ. ಇದು ಗೊತ್ತಿದ್ದೂ ನಾನು ಆ ಶಾಲೆಯ ಹೆಸರು ಹೇಳಲು ನಾಚುತ್ತಿದ್ದೆ.

ಗೆಳತಿಯರೇ, ನಿಮ್ಮ ಮನೆಯ ಹಿರಿಯರನ್ನೂ ಕೇಳಿ: ಎಲ್ಲಿ ಓದಿದಿರಿ, ಯಾಕೆ ಬಿಟ್ಟಿರಿ? ದಾಖಲಾತಿ ಪುಸ್ತಕದಲ್ಲಿ ಇರುವುದು ಒಂದೇ ಪದ. ಉಳಿದದ್ದನ್ನು ಅವರೇ ಹೇಳಬೇಕು.

ಹೊರಡುವ ಮುನ್ನ ನನ್ನ ಹೆಸರಿರುವ ಪುಟವನ್ನೂ ನೋಡಿದ್ದೆ. ಶಾಲೆ ಬಿಟ್ಟ ಕಾರಣ: ಏಳನೇ ತರಗತಿ ಉತ್ತೀರ್ಣ. ಅದನ್ನು ದಾದಿಗೆ ಹೇಳಿದಾಗ, ಇನ್ನೊಂದು ಸಲ ಹೇಳು ಎಂದರು.